ಕರಾವಳಿಯ ಕುದುರೆಯೂ ಘಟ್ಟದ ಹೇರೆತ್ತೂ

ದೇಶಚರಿತ್ರೆಯನ್ನು ಓದುವವರಿಗೆ ಕುದುರೆಯ ಪರಿಚಯವು ಬಹು ಬೇಗನೆ ಆಗುತ್ತದೆ. ಅಶ್ವಪತಿ, ಗಜಪತಿ, ನರಪತಿ ಎಂಬ ಬಿರುದುಗಳಲ್ಲಿ ಮೊದಲನೆಯದೇ ಕುದುರೆಯದು. ಊರ ಮುಂದಣ ವೀರಗಲ್ಲಿನಲ್ಲಿ ಕುದುರೆಯುಂಟು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಸಾಲುಸಾಲಾಗಿ ಕುದುರೆಗಳುಂಟು. ಪರದೇಶದ ಪ್ರವಾಸಿಗಳು ಬರೆದಿಟ್ಟ ವೃತ್ತಾಂತಗಳಲ್ಲಿಯೂ ಕುದುರೆಯ ಬೆಲೆಯ ಮಾತು ಪದೇ ಪದೇ ಬರುತ್ತದೆ. ಎತ್ತಿನ ಪರಿಚಯವು ಹೀಗೆ ಆಗುವುದಿಲ್ಲ. ಅದು ಯಾವಾಗಲೂ ಚಿತ್ರದ ಅಂಚಿನಲ್ಲಿ, ಬೆನ್ನಿನ ಮೇಲೆ ಒಂದು ಕಂಟಲೆಯನ್ನು ಹೊತ್ತು, ಸುಮ್ಮನೆ ನಡೆದುಹೋಗುತ್ತಿರುತ್ತದೆ. ಈ ಎರಡು ಪ್ರಾಣಿಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಘಟ್ಟದ ಮೇಲೂ ಹೇಗೆ ಒಂದರ ಪಕ್ಕದಲ್ಲೊಂದು ಬಾಳಿದುವು, ಯಾವುದು ಯಾವುದನ್ನು ಪೋಷಿಸಿತು ಎಂಬ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳುವುದು ಈ ಭಾಷಣದ ಉದ್ದೇಶ.

ಹೇಳುವುದಕ್ಕೆ ನೆಲೆಯಾಗಿ ನಾವು ಮಂಗಳೂರಿನ ಕಂಕನಾಡಿಯನ್ನು ಆರಿಸಿಕೊಂಡಿದ್ದೇವೆ. ಫಾದರ್ ಮುಲ್ಲರ್ ಅವರು ೧೮೮೦ರಲ್ಲಿ ಬಡವರಿಗಾಗಿ ತೊಡಗಿದ ಔಷಧಾಲಯವು ಬೆಳೆದು ಮಹಾಚಿಕಿತ್ಸಾಲಯವಾದುದು ಇಲ್ಲಿ. ಕೋಟಿ ಚೆನ್ನಯರೆಂಬ ತುಳುನಾಡಿನ ಅವಳಿ ವೀರರ ಗರಡಿಯಿರುವುದೂ ಇಲ್ಲಿಯೇ. ಘಟ್ಟವನ್ನಿಳಿದು ಬರುವ ಹೆದ್ದಾರಿಯೂ, ಕೇರಳದಿಂದ ಗೋವೆಯ ಕಡೆಗೆ ಕಡಲತಡಿಯಲ್ಲಿ ಸಾಗುವ ಹೆದ್ದಾರಿಯೂ ಸಂಧಿಸುವುದು ಇಲ್ಲಿಯ ಪಂಪ್‌ವೆಲ್ಲಿನಲ್ಲಿ. ಇಂದು ಮಂಗಳೂರು ಜಂಕ್ಷನ್ ಎಂದು ಕರೆಯುವ ರೈಲು ನಿಲ್ದಾಣಕ್ಕೆ ಹಿಂದೆ ಕಂಕನಾಡಿ ನಿಲ್ದಾಣವೆಂದೇ ಹೆಸರಿತ್ತು. ಘಟ್ಟದ ಸರಕೂ ಕಡಲಿನ ಸರಕೂ ಕೈಕೈ ಹಿಡಿಯುವ ಇಂತಹ ಸ್ಥಳದಲ್ಲಿ ನಿಂತು ನೋಡಿದರೆ, ಲಾರಿಯೂ ರೈಲೂ ಇಲ್ಲದ ಕಾಲದಲ್ಲಿ ಈ ಹೊರೆಯನ್ನು ಹೊತ್ತವರು ಯಾರು ಎಂಬ ಪ್ರಶ್ನೆಯು ತಾನಾಗಿ ಏಳುತ್ತದೆ.

ಈ ಪ್ರಶ್ನೆಯನ್ನು ಬಿಡಿಸುವ ಮುನ್ನ ಶ್ರೋತೃಗಳನ್ನು ಒಂದು ದೂರದ ದೇಶಕ್ಕೆ ಕರೆದೊಯ್ಯಬೇಕಾಗಿದೆ. ಕುದುರೆಯು ಹೊರಗಿನಿಂದ ಬಂದ ನಾಡಿನಲ್ಲಿ ಅಲ್ಲಿಯ ಹೇರುಪ್ರಾಣಿಯ ಗತಿ ಏನಾಯಿತೆಂಬುದನ್ನು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಸ್ಪಷ್ಟವಾಗಿ ಕಾಣಬಹುದು. ಅದನ್ನು ಕಂಡಮೇಲೆ ನಮ್ಮ ನಾಡಿನ ಕಥೆಯು ಸುಲಭವಾಗಿ ಅರ್ಥವಾಗುತ್ತದೆ.

ಪೆರು ದೇಶದ ಆಂಡೀಸ್ ಪರ್ವತಗಳಲ್ಲಿ ಲಾಮಾ ಎಂಬ ಪ್ರಾಣಿಯುಂಟು. ಅದು ಒಂಟೆಯ ಕುಲಕ್ಕೆ ಸೇರಿದ್ದು, ಆದರೆ ಡುಬ್ಬವಿಲ್ಲ. ಉದ್ದವಾದ ಕೊರಳು, ನಿಮಿರಿದ ಕಿವಿ, ಮೈತುಂಬ ಉಣ್ಣೆ. ಗ್ವಾನಾಕೊ ಎಂಬ ಕಾಡುಪ್ರಾಣಿಯನ್ನು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿ ಅಲ್ಲಿಯ ಜನರು ಇದನ್ನು ಪಡೆದರು. ಇದು ಹೊರುವ ಭಾರವು ಹೆಚ್ಚಿನದಲ್ಲ. ಸುಮಾರು ೨೫ರಿಂದ ೩೦ ಕಿಲೋಗ್ರಾಂ. ಅದಕ್ಕಿಂತ ಹೆಚ್ಚು ಹೇರಿದರೆ ಮಲಗಿಬಿಡುತ್ತದೆ. ಮತ್ತೆ ಏಳಿಸುವುದು ಪ್ರಯಾಸ. ಬೆನ್ನೇರಿ ಸವಾರಿ ಮಾಡುವುದಕ್ಕೆ ಇದು ತಕ್ಕುದಲ್ಲ. ಆದರೆ ೧೩,೦೦೦ ಅಡಿಗಳೆತ್ತರದ ತೆಳುಗಾಳಿಯಲ್ಲಿ, ಬೇರೆ ಪ್ರಾಣಿಗಳು ಏದುಸಿರು ಬಿಡುವ ಕಡೆ, ಇದು ನಿಶ್ಚಿಂತೆಯಿಂದ ನಡೆಯುತ್ತದೆ. ಇದರ ರಕ್ತದ ಕಣಗಳು ಮೊಟ್ಟೆಯಾಕಾರದವು; ಪ್ರಾಣವಾಯುವನ್ನು ಬಿಗಿಯಾಗಿ ಹಿಡಿಯುವ ಗುಣ ಅವಕ್ಕುಂಟು. ಇಂಕಾ ಚಕ್ರವರ್ತಿಗಳ ಸೇನೆಗೆ ಧಾನ್ಯವನ್ನು ಹೊತ್ತದ್ದು, ಉಣ್ಣೆಯನ್ನೂ ಮಾಂಸವನ್ನೂ ಒಲೆಗೆ ಗೊಬ್ಬರದ ಉರುವಲನ್ನೂ ಒದಗಿಸಿದ್ದು ಈ ಲಾಮಾ.

೧೫೩೨ನೆಯ ಇಸವಿಯ ನವೆಂಬರಿನಲ್ಲಿ ಸ್ಪೇನಿನ ಪಿಜಾರೊ ಎಂಬವನು ಕುದುರೆ ಸವಾರರೊಡನೆ ಬಂದು ಕಾಹಮಾರ್ಕಾ ಎಂಬಲ್ಲಿ ಇಂಕಾ ಅರಸನನ್ನು ಸೆರೆಹಿಡಿದನು. ಅಮೆರಿಕ ಖಂಡದಲ್ಲಿ ಹಿಂದೆ ಇದ್ದ ಕಾಡುಕುದುರೆಗಳು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆಯೇ ಅಳಿದುಹೋಗಿದ್ದುದರಿಂದ ಅಲ್ಲಿಯ ಜನರು ಇಂತಹ ಪ್ರಾಣಿಯನ್ನು ಎಂದೂ ಕಂಡಿರಲಿಲ್ಲ. ಹೊಸ ಒಡೆಯರಿಗೆ ಕುದುರೆಯೇ ಗೌರವದ ಗುರುತು. ಲಾಮಾವು ಅವರ ಬಾಯಲ್ಲಿ ‘ಆ ನಾಡಿನ ಕುರಿ’ ಆಯಿತು. ಆದರೆ ೧೫೪೫ರಲ್ಲಿ ಪೊಟೋಸಿಯ ಬೆಟ್ಟದಲ್ಲಿ ಬೆಳ್ಳಿಯು ಸಿಕ್ಕಿದಾಗ ಅದನ್ನು ಕಡಲಿಗೆ ಇಳಿಸಬೇಕಾಯಿತಷ್ಟೆ. ಗುಡ್ಡದ ಕಾಲುದಾರಿಗಳಲ್ಲಿ ಆ ಬೆಳ್ಳಿಯನ್ನು ಹೊತ್ತು ತಂದದ್ದು ಕುರಿಯೆಂದು ಹಳಿಸಿಕೊಂಡ ಈ ಲಾಮಾಗಳ ಹಿಂಡುಗಳೇ. ಯೂರೋಪಿನ ಅರಸರ ಕುದುರೆಪಡೆಗಳಿಗೆ ಸಂಬಳವಾಗಿ ಸಂದ ಬೆಳ್ಳಿಯಲ್ಲಿ ಎಷ್ಟೋ ಭಾಗವು ಹೀಗೆ ಲಾಮಾದ ಬೆನ್ನಿನ ಮೇಲೆ ಮೊದಲ ಪ್ರಯಾಣವನ್ನು ಮಾಡಿತು.

ಹೊರಗಿನಿಂದ ಬಂದ ಕುರಿದನಗಳು ಹುಲ್ಲುಗಾವಲನ್ನು ಹಂಚಿಕೊಂಡುವು. ಕಜ್ಜಿಯ ರೋಗವೂ ಯುದ್ಧದ ಕೊಳ್ಳೆಯೂ ಸೇರಿ ಲಾಮಾಗಳು ಲೆಕ್ಕವಿಲ್ಲದೆ ಸತ್ತುವು. ತಗ್ಗಿನ ದಾರಿಗಳಲ್ಲಿ ಹೇಸರಗತ್ತೆಗಳು ಅವುಗಳ ಕೆಲಸವನ್ನು ಕಿತ್ತುಕೊಂಡುವು. ಎತ್ತರದ ಬಯಲುಗಳಲ್ಲಿ ಮಾತ್ರ, ಕುದುರೆಗೆ ಉಸಿರು ಸಾಲದ ಕಡೆ, ಲಾಮಾವು ಉಳಿಯಿತು. ಅದನ್ನು ಉಳಿಸಿದವರು ಅಲ್ಲಿಯ ಬಡ ರೈತರು. ವಿಶ್ವಸಂಸ್ಥೆಯು ೨೦೨೪ನೆಯ ವರ್ಷವನ್ನು ಒಂಟೆಯ ಕುಲದ ಪ್ರಾಣಿಗಳ ವರ್ಷವೆಂದು ಆಚರಿಸಿದಾಗ ಲೋಕವು ಆ ರೈತರ ಕಡೆಗೆ ಒಮ್ಮೆ ತಿರುಗಿ ನೋಡಿತು.

ಈಗ ನಮ್ಮ ಕರಾವಳಿಗೆ ಹಿಂದಿರುಗೋಣ. ಇಲ್ಲಿಯೂ ಕುದುರೆಯು ಕಡಲಿನಿಂದ ಬಂದ ಅತಿಥಿಯೇ. ಪಾರಸಿಕ ಕೊಲ್ಲಿಯ ಕೀಷ್, ಹೊರ್ಮುಜ್ ಎಂಬ ದ್ವೀಪಗಳಿಂದಲೂ ಅರಬಸ್ತಾನದ ಏಡನ್ ಮೊದಲಾದ ರೇವುಗಳಿಂದಲೂ ಹಡಗುಗಳಲ್ಲಿ ತುಂಬಿ ತರುತ್ತಿದ್ದರು. ವಸ್ಸಾಫನೆಂಬ ಪಾರಸಿಕ ಚರಿತ್ರೆಕಾರನು ಹದಿಮೂರನೆಯ ಶತಮಾನದ ವಿಚಾರವನ್ನು ಹೇಳುತ್ತ, ವರ್ಷಕ್ಕೆ ೧೦,೦೦೦ ಕುದುರೆಗಳು ಹಿಂದೂದೇಶದ ರೇವುಗಳಿಗೆ ಹೋಗುತ್ತಿದ್ದುವೆಂದೂ, ಒಂದೊಂದರ ಸರಾಸರಿ ಬೆಲೆಯು ೨೨೦ ಚಿನ್ನದ ದಿನಾರುಗಳೆಂದೂ ಬರೆದಿದ್ದಾನೆ. ಇಷ್ಟು ಹಣವನ್ನು ಸುರಿದು ತಂದ ಪ್ರಾಣಿಯು ಇಲ್ಲಿ ಬಾಳುತ್ತಿತ್ತೆ? ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಇದಕ್ಕೆ ಉತ್ತರವನ್ನು ಕೊಡುತ್ತಾನೆ. ಅಲ್ಲಿಯ ಅರಸನು ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಕೊಳ್ಳುತ್ತಿದ್ದನಂತೆ. ವರ್ಷದ ಕೊನೆಗೆ ನೂರು ಉಳಿಯುತ್ತಿರಲಿಲ್ಲವಂತೆ. ಕುದುರೆಗೆ ಅನ್ನವನ್ನೂ ಬೇಯಿಸಿದ ಮಾಂಸವನ್ನೂ ತಿನ್ನಿಸುತ್ತಿದ್ದರು. ಲಾಳ ಕಟ್ಟುವವರೂ ಅದರ ರೋಗವನ್ನರಿತವರೂ ಇರಲಿಲ್ಲ. ಒಳ್ಳೆಯ ತಳಿಯ ಕುದುರೆಗಳಿಗೆ ಹುಟ್ಟಿದ ಮರಿಯೂ ಕಾಲು ಸೊಟ್ಟಗಾಗಿ ಬಡಕಲಾಗುತ್ತಿತ್ತು ಎಂದು ಅವನ ಹೇಳಿಕೆ. ಹೊರದೇಶದ ವರ್ತಕರಿಗೆ ಇದರಿಂದ ನಷ್ಟವೇನೂ ಇರಲಿಲ್ಲ. ಸತ್ತ ಕುದುರೆಯ ಸ್ಥಳಕ್ಕೆ ಮರುವರ್ಷ ಮತ್ತೊಂದು ಬೇಕಾಗುತ್ತಿತ್ತು.

ಮಂಗಳೂರಿಗೆ ಸಮೀಪದ ಸಾಕ್ಷ್ಯವು ಇಬ್ನ್ ಬತೂತನದು. ೧೩೪೨ರ ಸುಮಾರಿನಲ್ಲಿ ಅವನು ಈ ರೇವನ್ನು ಕಂಡನು. ಫಾರ್ಸ್ ಮತ್ತು ಯಮನ್ ದೇಶಗಳ ದೊಡ್ಡ ವರ್ತಕರು ಇಲ್ಲಿ ಬಂದಿಳಿಯುತ್ತಿದ್ದರು. ಮೆಣಸೂ ಶುಂಠಿಯೂ ಹೇರಳವಾಗಿದ್ದುವು. ಸುಮಾರು ನಾಲ್ಕು ಸಾವಿರ ಮಂದಿ ಮುಸಲ್ಮಾನರು ಊರ ಹೊರಗಣ ಕೇರಿಯಲ್ಲಿ ನೆಲಸಿದ್ದರು. ಇಂತಹ ಸಿರಿವಂತ ಕರಾವಳಿಯ ವಿಚಾರವಾಗಿ ಅವನು ಹೇಳುವ ಒಂದು ಮಾತು ನಮಗೆ ಮುಖ್ಯ. ಗೋವೆಯಿಂದ ಕೊಲ್ಲಮಿನವರೆಗಿನ ಈ ತೀರದಲ್ಲಿ ಯಾರೂ ಪ್ರಾಣಿಯ ಮೇಲೆ ಪ್ರಯಾಣ ಮಾಡುವುದಿಲ್ಲ. ಕುದುರೆಯಿರುವುದು ಅರಸನೊಬ್ಬನ ಬಳಿ. ಉಳ್ಳವರು ಪಲ್ಲಕ್ಕಿಯಲ್ಲಿ, ಉಳಿದವರು ಕಾಲ್ನಡೆಯಲ್ಲಿ ಹೋಗುತ್ತಾರೆ. ವರ್ತಕರ ಸರಕನ್ನು ಕೂಲಿಯಾಳುಗಳು ಬೆನ್ನಿನ ಮೇಲೆ ಹೊರುತ್ತಾರೆ ಎಂಬುದು ಆ ಮಾತು. ಕುದುರೆಯ ಹಡಗುಗಳು ಬಂದು ನಿಲ್ಲುವ ತೀರದಲ್ಲಿಯೇ ಕುದುರೆ ಏರುವವರು ಇರಲಿಲ್ಲ. ಅಂದರೆ ಕುದುರೆಗೆ ಈ ತೀರವು ಮನೆಯಾಗಿರಲಿಲ್ಲ, ಬಾಗಿಲಾಗಿತ್ತು.

ಆ ಬಾಗಿಲನ್ನು ದಾಟಿ ಘಟ್ಟವನ್ನೇರಿದರೆ ವಿಜಯನಗರ. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್‌ಗಳಿಂದ ಕುದುರೆಗಳನ್ನು ತರಿಸಿ ವರ್ತಕರು ಕೇಳಿದ ಬೆಲೆಯನ್ನು ಕೊಡುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ್ದಂತೆಯೇ ಹಣವನ್ನು ಸಲ್ಲಿಸುತ್ತಿದ್ದನೆಂದೂ ೧೫೩೫ರ ಸುಮಾರಿನಲ್ಲಿ ಬರೆದ ನೂನಿಜ್ ಎಂಬ ಪೋರ್ಚುಗೀಸನು ತಿಳಿಸುತ್ತಾನೆ. ರಾಯರು ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದರೆಂಬುದೂ ಅವನ ಲೆಕ್ಕವೇ. ಅದರಲ್ಲಿ ಹೊರ್ಮುಜಿನವೂ ಈ ನಾಡಿನ ತಳಿಯವೂ ಸೇರಿದ್ದುವು. ಈ ವ್ಯಾಪಾರದಲ್ಲಿ ಭಟ್ಕಳಕ್ಕೆ ಹೆಸರು ಹೆಚ್ಚು. ೧೫೧೦ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದಮೇಲೆ ಕುದುರೆಯ ಹಡಗುಗಳನ್ನು ಅಲ್ಲಿಗೇ ತಿರುಗಿಸಲು ಯತ್ನಿಸಿದರು. ಮಂಗಳೂರು ಸಹ ರಾಯರ ರೇವುಗಳಲ್ಲೊಂದು. ೧೪೪೩ರಲ್ಲಿ ಪಾರಸಿಕ ದೊರೆಯ ರಾಯಭಾರಿಯಾದ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಹಡಗಿನಲ್ಲಿ ಬಂದು ಮಂಗಳೂರಿನಲ್ಲಿಳಿದು, ಅಲ್ಲಿಂದಲೇ ಘಟ್ಟವನ್ನೇರಿ ವಿಜಯನಗರವನ್ನು ಸೇರಿದನು.

ಈ ಸಂದರ್ಭದಲ್ಲಿಯೇ ನಮ್ಮ ಹೇರೆತ್ತು ಒಮ್ಮೆ ಬೆಳಕಿಗೆ ಬರುತ್ತದೆ. ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ನೋಡಿದ ಡೊಮಿಂಗೊ ಪಾಯೆಸನು ಅಂಕೋಲೆ, ಹೊನ್ನಾವರ, ಭಟ್ಕಳ, ಬಸರೂರು, ಬಾರಕೂರು, ಮಂಗಳೂರು ಎಂಬ ರೇವುಗಳನ್ನು ಎಣಿಸಿ, ಭಟ್ಕಳದ ದಾರಿಯಲ್ಲಿ ಒಂದು ಲೆಕ್ಕವನ್ನು ಕೊಡುತ್ತಾನೆ. ಆ ದಾರಿಯುದ್ದಕ್ಕೂ ನೀರಿನ ತೊರೆಗಳಿರುವುದರಿಂದ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಸರಕನ್ನು ಹೊತ್ತು ಭಟ್ಕಳಕ್ಕೆ ಇಳಿಯುತ್ತವೆ ಎಂದು ಹೇಳುತ್ತಾನೆ. ಕುದುರೆಗೆ ನೂನಿಜನು ಕೊಟ್ಟ ಲೆಕ್ಕವನ್ನು ಎಲ್ಲ ಚರಿತ್ರೆಗಳೂ ಉದಾಹರಿಸುತ್ತವೆ. ಎತ್ತಿಗೆ ಪಾಯೆಸನು ಕೊಟ್ಟ ಈ ಲೆಕ್ಕವನ್ನು ಉದಾಹರಿಸುವವರು ವಿರಳ.

ಕುದುರೆಯ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಸ್ವಲ್ಪ ವಿಚಾರಿಸೋಣ. ಬೊಕ್ಕಸದ ಪಗೋದಿಯೆಂದು ಉತ್ತರ ಹೇಳುವುದು ಸುಲಭ. ಆದರೆ ಕುದುರೆಯನ್ನು ಇಳಿಸಿದ ಹಡಗುಗಳು ಬರಿದಾಗಿ ಹಿಂದಿರುಗುತ್ತಿರಲಿಲ್ಲ. ಹೊರ್ಮುಜಿನ ಹಡಗುಗಳು ಭಟ್ಕಳಕ್ಕೆ ಕುದುರೆಗಳನ್ನೂ ಮುತ್ತುಗಳನ್ನೂ ತಂದು, ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ತುಂಬಿಕೊಂಡು ಹೋಗುತ್ತಿದ್ದುವೆಂದು ಬಾರ್ಬೋಸನು ಹದಿನಾರನೆಯ ಶತಮಾನದ ಆದಿಯಲ್ಲಿ ಬರೆದಿದ್ದಾನೆ. ಮಂಗಳೂರು, ಬಸರೂರುಗಳ ಅಕ್ಕಿಯು ಮುಂದೆ ಗೋವೆ, ಮಸ್ಕತ್‌ಗಳ ಅನ್ನವಾಯಿತು. ಆ ಅಕ್ಕಿಯನ್ನು ಬೆಳೆದ ಗದ್ದೆಯ ಕೆಸರನ್ನು ಉತ್ತದ್ದು ಕೋಣ. ಘಟ್ಟದ ಮೇಲಣ ಸರಕನ್ನು ರೇವಿಗೆ ಇಳಿಸಿದ್ದು ಎತ್ತು. ಹೊರ್ಮುಜಿನ ಕುದುರೆಯು ರಾಯರ ಲಾಯವನ್ನು ಸೇರುವ ಮುನ್ನ ಅದರ ಬೆಲೆಯಲ್ಲಿ ಒಂದು ಪಾಲನ್ನು ಕೋಣವೂ ಎತ್ತೂ ದುಡಿದು ತೀರಿಸಿದ್ದುವು. ಪೊಟೋಸಿಯ ಬೆಳ್ಳಿಗೂ ಲಾಮಾಕ್ಕೂ ಇದ್ದ ಸಂಬಂಧವೇ ಇಲ್ಲಿಯೂ ಉಂಟು.

ಹೇರೆತ್ತಿನ ಕೆಲಸದ ಬಗೆಯನ್ನು ಇಲ್ಲಿ ಹೇಳಬೇಕು. ಚಾರ್ಮಾಡಿ, ಶಿರಾಡಿ, ಬಿಸಲೆ, ಆಗುಂಬೆ ಮೊದಲಾದ ಘಟ್ಟಗಳಲ್ಲಿ ಗಾಡಿ ಹೋಗುವ ದಾರಿಗಳಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಕಾಲುದಾರಿಗಳೇ ಗತಿ. ಎತ್ತಿನ ಬೆನ್ನಿನ ಎರಡು ಪಕ್ಕಕ್ಕೂ ಇಳಿಬೀಳುವಂತೆ ಜೋಡಿ ಚೀಲದ ಕಂಟಲೆಯನ್ನು ಹಾಕಿ, ಹಿಂಡುಹಿಂಡಾಗಿ ಹೊಡೆದುಕೊಂಡು ಹೋಗುತ್ತಿದ್ದರು. ಬಯಲುಸೀಮೆಯ ಒಳ್ಳೆಯ ಎತ್ತು ಲಾಮಾದ ಮೂರು ಪಟ್ಟಿಗಿಂತಲೂ ಹೆಚ್ಚು ಹೊರಬಲ್ಲುದು. ದಾರಿಯ ಮೇವನ್ನೇ ಮೇಯುವುದು, ಲಾಳವಿಲ್ಲದಿದ್ದರೂ ನಡೆಯುವುದು, ಹುರುಳಿ ಬೇಯಿಸಿ ಇಕ್ಕುವ ಚಾಕರನನ್ನು ಬೇಡುವುದಿಲ್ಲ. ಕರಾವಳಿಯ ಉಪ್ಪೂ ತೆಂಗೂ ಮೇಲಕ್ಕೆ ಹೋದುವು; ಮೇಲುಸೀಮೆಯ ಧಾನ್ಯ, ಬಟ್ಟೆಗಳು ಕೆಳಗಿಳಿದುವು. ಮಂಗಳೂರಿನ ದಾರಿಯಲ್ಲಿ ಎತ್ತುಗಳ ಪ್ರಯಾಣವು ಬಹುಮಟ್ಟಿಗೆ ಬಂಟವಾಳದಲ್ಲಿ ಮುಗಿಯುತ್ತಿತ್ತು. ಅಲ್ಲಿಂದ ಸರಕು ನೇತ್ರಾವತಿಯ ದೋಣಿಗಳಲ್ಲಿ ರೇವಿಗೆ ತೇಲಿಬರುತ್ತಿತ್ತು. ಬಯಲುಸೀಮೆಯಲ್ಲಿ ಲಂಬಾಣಿಗಳು ಈ ಕಸುಬನ್ನೇ ಕುಲವೃತ್ತಿಯಾಗಿ ನಡೆಸಿ, ಯುದ್ಧಕಾಲದಲ್ಲಿ ಸೇನೆಗಳಿಗೆ ಧಾನ್ಯವನ್ನೊದಗಿಸಿದರು. ಅಯ್ಯಾವೊಳೆಯ ಐನೂರ್ವರೆಂಬ ಪ್ರಾಚೀನ ವರ್ತಕ ಸಂಘದ ಧ್ವಜದಲ್ಲಿದ್ದ ಲಾಂಛನವೂ ವೃಷಭವೇ. ದೇಶವೆಲ್ಲ ಸುತ್ತುವ ಆ ವರ್ತಕರಿಗೆ ತಾವು ಯಾರ ಋಣದಲ್ಲಿದ್ದೇವೆಂಬುದು ತಿಳಿದಿತ್ತು.

ಕುದುರೆಯು ಕರಾವಳಿಯಲ್ಲಿ ಏಕೆ ನೆಲೆಯೂರಲಿಲ್ಲ? ಮಂಗಳೂರಿನಲ್ಲಿ ವರ್ಷಕ್ಕೆ ನೂರು ಅಂಗುಲಕ್ಕೂ ಬಹಳ ಮೀರಿ ಮಳೆ ಸುರಿಯುತ್ತದೆ. ಒಣನೆಲದ ಪ್ರಾಣಿಯಾದ ಕುದುರೆಗೆ ತೇವದಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಹುರುಳಿಯೂ ಒಳ್ಳೆಯ ಒಣಹುಲ್ಲೂ ಘಟ್ಟದ ಮೇಲಣ ಬೆಳೆಗಳು. ಭತ್ತದ ಹುಲ್ಲು ದನಕ್ಕೆ ಸಾಕು, ಓಡುವ ಕುದುರೆಗೆ ಸಾಲದು. ಇವೆಲ್ಲಕ್ಕಿಂತ ಗೂಢವಾದ ಶತ್ರು ಒಂದುಂಟು. ಫಾದರ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಔಷಧವನ್ನು ಹಂಚತೊಡಗಿದ ಅದೇ ೧೮೮೦ರಲ್ಲಿ, ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ವಾಯವ್ಯ ಗಡಿನಾಡಿನ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಸುರ್ರಾ ಎಂಬ ರೋಗದಿಂದ ಸಾಯುತ್ತಿದ್ದ ಕುದುರೆ ಒಂಟೆಗಳ ರಕ್ತದಲ್ಲಿ ಒಂದು ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ರಕ್ತ ಹೀರುವ ನೊಣಗಳು ಅದನ್ನು ಪ್ರಾಣಿಯಿಂದ ಪ್ರಾಣಿಗೆ ಸಾಗಿಸುತ್ತವೆ. ದನಗಳೂ ಎಮ್ಮೆಗಳೂ ಅನೇಕ ವೇಳೆ ರೋಗದ ಚಿಹ್ನೆಯನ್ನೇ ತೋರದೆ ಆ ಜೀವಿಯನ್ನು ರಕ್ತದಲ್ಲಿ ಇಟ್ಟುಕೊಂಡಿರಬಲ್ಲುವು. ಪಕ್ಕದಲ್ಲಿ ಕಟ್ಟಿದ ಕುದುರೆಯು ಸೊರಗಿ ಸಾಯುತ್ತದೆ. ಇದಕ್ಕೆ ಪ್ರತಿಯಾಗಿ ಕಾಲುಬಾಯಿ ಜ್ವರವು ಗೊರಸು ಸೀಳಿದ ದನವನ್ನು ಕೆಡವುತ್ತದೆ, ಕುದುರೆಯನ್ನು ಮುಟ್ಟುವುದಿಲ್ಲ. ಒಂದೇ ಹಟ್ಟಿಯಲ್ಲಿ ನಿಂತ ಎರಡು ಪ್ರಾಣಿಗಳ ಆರೋಗ್ಯದ ಲೆಕ್ಕವು ಒಂದೇ ಆಗಿರುವುದಿಲ್ಲ. ಇದನ್ನರಿಯದೆ ಎಷ್ಟು ಕುದುರೆಗಳು ಯಾವ ಯಾವ ಕಾರಣದಿಂದ ಸತ್ತುವೋ, ಅವೆಲ್ಲದರ ಬೆಲೆಯೂ ಪ್ರಜೆಗಳ ಮೇಲೆಯೇ ಬಿದ್ದಿತು.

ಘಟ್ಟದ ಮೇಲಣ ಮೈಸೂರು ಸೀಮೆಯಲ್ಲಿ ಕಥೆಯು ಬೇರೆ. ಅಲ್ಲಿಯ ಒಣನೆಲವೂ ಹುಲ್ಲುಗಾವಲೂ ಎರಡು ಪ್ರಾಣಿಗಳಿಗೂ ಒಗ್ಗಿದುವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ ೧೬೭೩ರಿಂದ ೧೭೦೪ರವರೆಗಿನ ಅವಧಿಯಲ್ಲಿ, ಅರಮನೆಯ ದನಗಳ ವ್ಯವಸ್ಥೆಯು ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ನಡೆಯಿತು. ೧೭೬೩ರಲ್ಲಿ ಬಿದನೂರನ್ನು ಗೆದ್ದು ಮಂಗಳೂರಿಗೂ ಒಡೆಯನಾದ ಹೈದರಾಲಿಯು ಈ ಎತ್ತುಗಳನ್ನು ತೋಪುಗಳಿಗೆ ಹೂಡಿ, ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿವಸಗಳಲ್ಲಿ ನೂರು ಮೈಲಿ ನಡೆದನೆಂದು ಪ್ರಸಿದ್ಧಿಯಿದೆ. ಟಿಪ್ಪುವು ಈ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ೧೭೮೩ರಲ್ಲಿ ಬಿದನೂರನ್ನು ಹಿಂದಕ್ಕೆ ಪಡೆಯಲು ಅವನು ಮಾಡಿದ ವೇಗದ ದಂಡಯಾತ್ರೆಯೂ, ಅದರ ಬೆನ್ನಿಗೇ ಮಂಗಳೂರಿಗೆ ಹಾಕಿದ ಮುತ್ತಿಗೆಯೂ ಎತ್ತುಗಳ ಬಲವಿಲ್ಲದೆ ನಡೆಯುವಂತಿರಲಿಲ್ಲ. ಆ ಮುತ್ತಿಗೆಯ ಕೊನೆಯಲ್ಲಿಯೇ ೧೭೮೪ರ ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದವು ಆದದ್ದು.

ಮೈಸೂರಿನವರು ಕುದುರೆಯನ್ನೂ ಅಲಕ್ಷಿಸಲಿಲ್ಲ. ಕುಣಿಗಲಿನಲ್ಲಿ ಕುದುರೆಗಳನ್ನು ಬೆಳೆಸುವ ಏರ್ಪಾಡು ಹಳೆಯದು. ಸಂಸ್ಥಾನದ ಸಿಲ್ಲೇದಾರ ಪಡೆಗೆ ಅಲ್ಲಿಂದ ಕುದುರೆಗಳು ಒದಗುತ್ತಿದ್ದುವು. ಒಂದೇ ಸಂಸ್ಥಾನವು ಸವಾರಿಗೆ ಕುದುರೆ, ಹೊರೆಗೂ ತೋಪಿಗೂ ಎತ್ತು ಎಂದು ಕೆಲಸವನ್ನು ಹಂಚಿ, ಒಂದೊಂದಕ್ಕೂ ಪ್ರತ್ಯೇಕವಾದ ಕಾವಲು, ಪ್ರತ್ಯೇಕವಾದ ಪಾಲಕರನ್ನು ಇಟ್ಟಿತು. ಈ ಏರ್ಪಾಡಿನ ಬೆಲೆಯು ಅದನ್ನು ಕೆಡಿಸಿದವರಿಗೇ ಗೊತ್ತಾಯಿತು. ೧೭೯೯ರ ಅನಂತರ ಅಮೃತ ಮಹಲಿನ ದನಗಳು ಇಂಗ್ಲಿಷರ ವಶವಾದುವು. ೧೮೬೦ರಲ್ಲಿ ಮದರಾಸಿನ ಸರ್ಕಾರದವರು ಖರ್ಚನ್ನು ಕಡಮೆ ಮಾಡಬೇಕೆಂದು ಹಿಂಡುಗಳನ್ನು ಮಾರಿಬಿಟ್ಟರು. ಸೇನೆಗೆ ತಕ್ಕ ಎತ್ತುಗಳು ಸಿಕ್ಕದೆ ಹೋಗಲು, ಆರೇ ವರ್ಷಗಳಲ್ಲಿ, ೧೮೬೬ರಲ್ಲಿ, ಮತ್ತೆ ಆ ಇಲಾಖೆಯನ್ನು ಕಟ್ಟಬೇಕಾಯಿತು.

ಕರಾವಳಿಯ ಜನರು ಕುದುರೆಗೆ ತಮ್ಮದೇ ಆದ ಒಂದು ಸ್ಥಳವನ್ನು ಕಲ್ಪಿಸಿದರು. ತುಳುನಾಡಿನ ಭೂತಸ್ಥಾನಗಳಲ್ಲಿ ಮರದಲ್ಲಿ ಕೆತ್ತಿದ ಕುದುರೆಗಳನ್ನು ಕಾಣಬಹುದು. ಅನೇಕ ಗರಡಿಗಳಲ್ಲಿ ಕೋಟಿ ಚೆನ್ನಯರ ಮೂರ್ತಿಗಳು ಕುದುರೆಯನ್ನೇರಿವೆ. ಆದರೆ ಪಾಡ್ದನದಲ್ಲಿ ಆ ವೀರರ ಬಾಳು ತಿರುಗುವುದು ಕುದುರೆಯ ಸುತ್ತಲಲ್ಲ. ಗದ್ದೆಯ ಸುತ್ತ, ಉಳುಮೆಯ ಸುತ್ತ, ನೀರಿನ ಸುತ್ತ. ಬುದ್ಯಂತನೊಡನೆ ಅವರಿಗೆ ಜಗಳ ಹುಟ್ಟಿದ್ದು ಬೇಸಾಯದ ಕಾರಣದಿಂದ. ಬೆಟ್ಟದ ಮೇಲಣ ಅರಸರು ಕುದುರೆಯ ಓಟವನ್ನು ನೋಡಿ ನಲಿದರೆ, ಇಲ್ಲಿಯ ಬೇಸಾಯಗಾರರು ಕೆಸರುಗದ್ದೆಯಲ್ಲಿ ಕೋಣಗಳನ್ನೋಡಿಸಿ ಕಂಬಳವನ್ನು ಕಟ್ಟಿದರು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ಅದರ ವಿಭಾಗಗಳ ಹೆಸರುಗಳೇ ಅದು ಹುಟ್ಟಿದ ಸ್ಥಳವನ್ನು ಹೇಳುತ್ತವೆ. ಮೈಸಂದಾಯನೆಂಬ ಭೂತವೂ ಕೋಣನ ದೈವವೇ. ಕಂಬಳವು ೨೦೧೪ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಪರಿಣಾಮವಾಗಿ ತಡೆಗೊಳಗಾಗಿ, ೨೦೧೭ರ ರಾಜ್ಯ ಕಾನೂನಿನಿಂದ ಮರಳಿ, ೨೦೨೩ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮನ್ನಣೆಯನ್ನು ಪಡೆಯಿತು. ಪ್ರಾಣಿಗೆ ಹಿಂಸೆಯಾಗದಂತೆ ಓಡಿಸಬೇಕೆಂಬ ಕಟ್ಟಳೆಯು ಈ ವಾದದಿಂದ ಬಿಗಿಯಾಯಿತು, ಅದು ಒಳ್ಳೆಯದೇ.

ಹೇರೆತ್ತಿಗೆ ಅಂತಹ ಯಾವ ವಾದಿಯೂ ಸಿಕ್ಕಲಿಲ್ಲ. ಘಟ್ಟಕ್ಕೆ ಗಾಡಿಯ ದಾರಿಯಾದೊಡನೆ ಕಂಟಲೆಯು ಅಟ್ಟವನ್ನು ಸೇರಿತು. ೧೯೦೭ರಲ್ಲಿ ದಕ್ಷಿಣದಿಂದ ರೈಲು ಮಂಗಳೂರಿಗೆ ಬಂದಿತು. ೧೯೭೯ರಲ್ಲಿ ಹಾಸನದಿಂದ ಸಕಲೇಶಪುರ, ಸುಬ್ರಹ್ಮಣ್ಯಗಳ ಘಟ್ಟವನ್ನು ಸುರಂಗಗಳಲ್ಲಿ ಕೊರೆದು ತಂದ ರೈಲುದಾರಿಯು ಕಂಕನಾಡಿಯ ನಿಲ್ದಾಣಕ್ಕೆ ಬಂದು ಕೂಡಿತು. ಪೇಟೆಯ ಜಟಕಾ ಕುದುರೆಗಳೂ ಮೋಟಾರಿನ ಮುಂದೆ ನಿಲ್ಲಲಿಲ್ಲ. ಹೀಗೆ ಶತಮಾನಗಳ ಕಾಲ ಒಂದನ್ನೊಂದು ಆಶ್ರಯಿಸಿದ್ದ ಎರಡು ಪ್ರಾಣಿಗಳೂ ಒಂದೇ ದಾರಿಯಿಂದ ಬೀದಿಯನ್ನು ಬಿಟ್ಟುಹೋದುವು. ೨೦೧೯ರ ಪಶುಗಣತಿಯಲ್ಲಿ ಇಡೀ ಭಾರತದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು ೩.೪ ಲಕ್ಷ ಮಾತ್ರ; ಏಳು ವರ್ಷಗಳಲ್ಲಿ ನೂರಕ್ಕೆ ೪೫ಕ್ಕಿಂತ ಹೆಚ್ಚು ಇಳಿದಿತ್ತು.

ಇಂದು ಯೂರೋಪಿನಲ್ಲಿಯೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಕುದುರೆ, ಕುರಿ, ದನಗಳೊಡನೆ ಲಾಮಾವನ್ನೂ ಸಾಕುವವರು ಉಂಟು. ಕುರಿಯ ಹಿಂಡನ್ನು ನಾಯಿ ನರಿಗಳಿಂದ ಕಾಯುವ ಕೆಲಸಕ್ಕೆ ಅದನ್ನು ಬಿಡುತ್ತಾರೆ. ಅದು ಒಂದೇ ಸ್ಥಳದಲ್ಲಿ ಹಿಕ್ಕೆ ಹಾಕುವುದರಿಂದ ಹುಲ್ಲುಗಾವಲು ಕೆಡುವುದು ಕಡಮೆ. ಮೊದಲು ಕಂಡಾಗ ಕುದುರೆಯು ಅದರ ರೂಪಕ್ಕೂ ವಾಸನೆಗೂ ಬೆದರುವುದುಂಟು. ಬೇಲಿಯಾಚೆಯಿಂದ ಕೆಲವು ದಿವಸ ನೋಡಿದಮೇಲೆ ಹೊಂದಿಕೊಳ್ಳುತ್ತದೆ. ಕುದುರೆಯು ಹುಲ್ಲನ್ನು ಬುಡಮಟ್ಟ ಕತ್ತರಿಸಿ ಮೇಯುತ್ತದೆ, ದನವು ನೀಳವಾದುದನ್ನು ನಾಲಿಗೆಯಿಂದ ಸುತ್ತಿ ಎಳೆಯುತ್ತದೆ. ಸರದಿಯಿಂದ ಮೇಯಿಸಿದರೆ ಒಂದರ ಹೊಟ್ಟೆಯ ಹುಳುಗಳ ಬಹುಭಾಗವನ್ನು ಇನ್ನೊಂದು ನುಂಗಿ ಅಳಿಸುತ್ತದೆ. ಲಾಮಾದ ಹುಳುಗಳಾದರೋ ಕುರಿದನಗಳ ಹುಳುಗಳಿಗೇ ಸಮೀಪ. ಆದಕಾರಣ ಯಾವ ಪ್ರಾಣಿಯ ಜೊತೆಗೆ ಯಾವುದನ್ನು ಕಟ್ಟಬೇಕೆಂಬುದು ನೆರೆಹೊರೆಯನ್ನು ನೋಡಿ ಮನೆ ಹೂಡುವಷ್ಟೇ ಎಚ್ಚರಿಕೆಯ ಮಾತು. ಅಂತಹ ಉಣ್ಣೆಯ ಪ್ರಾಣಿಯನ್ನು ಮಂಗಳೂರಿನ ಸೆಕೆಗೂ ತೇವಕ್ಕೂ ತರುವುದು ಬುದ್ಧಿವಂತಿಕೆಯಲ್ಲ. ಬಿಸಿ ತೇವದ ಗಾಳಿಯು ಅದಕ್ಕೆ ಪ್ರಾಣಾಪಾಯ. ಸುರ್ರಾ ರೋಗವು ಒಂಟೆಯ ಕುಲಕ್ಕೂ ಶತ್ರು. ಬೆಲೆ ಕೊಟ್ಟು ತಂದ ಪ್ರಾಣಿಯು ನೆಲಕ್ಕೆ ಒಗ್ಗದೆ ಸಾಯುವುದನ್ನು ಈ ತೀರವು ಸಾಲದಷ್ಟು ನೋಡಿಲ್ಲವೆ?

ತೀರಕ್ಕೆ ಒಗ್ಗಿದ ಪ್ರಾಣಿಯು ಹೊಸ್ತಿಲಲ್ಲಿಯೇ ಉಂಟು. ಮಲೆನಾಡು ಗಿಡ್ಡವೆಂಬ ತಳಿಯ ದನವು ಸುಮಾರು ಮೂರಡಿಯ ಎತ್ತರದ್ದು. ಗುಡ್ಡದ ಮೇವನ್ನು ತಾನೇ ಹುಡುಕಿ ತಿಂದು, ಮುಂಗಾರಿನ ಜಡಿಮಳೆಯನ್ನು ತಡೆದು, ಸಂಜೆಗೆ ಹಟ್ಟಿಗೆ ಮರಳುತ್ತದೆ. ಹಾಲು ಸ್ವಲ್ಪ, ಬೇಡುವುದೂ ಸ್ವಲ್ಪವೇ. ಹೆಚ್ಚು ಹಾಲಿನ ಆಸೆಯಿಂದ ಬಂದ ಹೊರತಳಿಗಳ ಮುಂದೆ ಇದು ಬಹಳ ಕಾಲ ಹೆಸರಿಲ್ಲದ ಕಾಡುದನವಾಗಿತ್ತು. ದೇಶದ ಪಶು ತಳಿಗಳನ್ನು ದಾಖಲು ಮಾಡುವ ಕೇಂದ್ರ ಸಂಸ್ಥೆಯು ಇದನ್ನು ಪ್ರತ್ಯೇಕ ತಳಿಯೆಂದು ಅಂಗೀಕರಿಸಿದ್ದು ಈ ಶತಮಾನದಲ್ಲಿ. ಹೆಸರು ಸಿಕ್ಕಿದ್ದು ಸಂತೋಷವೇ. ಆದರೆ ದಾಖಲೆಯ ಪುಸ್ತಕದಲ್ಲಿ ತಳಿಯು ಬದುಕುವುದಿಲ್ಲ, ಹಟ್ಟಿಯಲ್ಲಿ ಬದುಕುತ್ತದೆ. ಆಂಡೀಸಿನ ಬಡರೈತರು ಲಾಮಾವನ್ನು ಉಳಿಸಿದ್ದು ಯಾವ ಅರಸನ ಅಪ್ಪಣೆಯಿಂದಲೂ ಅಲ್ಲ, ಅದರಿಂದ ತಮಗೆ ನಿತ್ಯದ ಕೆಲಸವಿತ್ತೆಂಬ ಕಾರಣದಿಂದ.

ಘಟ್ಟದ ತಪ್ಪಲಿನಲ್ಲಿ ಈ ಗಿಡ್ಡ ದನಗಳನ್ನು ಇನ್ನೂ ಸಾಕುತ್ತಿರುವ ಮನೆಗಳುಂಟು. ಯಾವ ಹುಲ್ಲು ಯಾವ ತಿಂಗಳಲ್ಲಿ ಒಳ್ಳೆಯದು, ಮಳೆಗಾಲದ ನೊಣಕ್ಕೆ ಯಾವ ಸೊಪ್ಪಿನ ಹೊಗೆ, ಕಂಟಲೆಯ ಹಗ್ಗವನ್ನು ಎದೆಗೆ ಒತ್ತದಂತೆ ಹೇಗೆ ಬಿಗಿಯುತ್ತಿದ್ದರು ಎಂಬ ತಿಳಿವಳಿಕೆಯು ಅಲ್ಲಿಯ ಹಿರಿಯರಲ್ಲಿ ಚೂರುಚೂರಾಗಿಯಾದರೂ ಉಳಿದಿರಬಹುದು. ರಾಯರ ಕುದುರೆಗಳ ಲೆಕ್ಕವನ್ನು ಬರೆದಿಡಲು ಪೋರ್ಚುಗೀಸರು ಬಂದರು. ಎತ್ತಿನ ಲೆಕ್ಕವನ್ನು ಬರೆಯಲು ಹೊರಗಿನಿಂದ ಯಾರೂ ಬರಲಾರರು. ಕಾಲೇಜಿನ ವಿದ್ಯಾರ್ಥಿಗಳೂ ಹಳ್ಳಿಯ ಉಪಾಧ್ಯಾಯರೂ ತಮ್ಮ ತಮ್ಮ ಊರಿನ ಮುದುಕರನ್ನು ಕೇಳಿ, ಹಳೆಯ ಹೇರುದಾರಿಗಳ ಹೆಸರುಗಳನ್ನೂ ತಂಗುದಾಣಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡುವರಾದರೆ, ನಮ್ಮ ದೇಶಚರಿತ್ರೆಯಲ್ಲಿ ಇದುವರೆಗೆ ಖಾಲಿಯಾಗಿರುವ ಒಂದು ಪುಟವು ತುಂಬುವುದೆಂದು ನಂಬಿ, ಈ ಮಾತುಗಳನ್ನು ಇಲ್ಲಿಗೆ ನಿಲ್ಲಿಸುತ್ತೇವೆ.